ಬೆಳಗಾವಿ ಜೆನೆಟಿಕ್ ಕೌನ್ಸೆಲಿಂಗ್ ಸೆಂಟರ್, ನಮ್ಮ ಅನುಭವ (5ಕ್ಕ 4 ಸ್ಟಾರ್)

ಗೋಕಾಕದಿಂದ ನಾಕ ಸಲ ಬಸ್ ಹತ್ತಿ ಬೆಳಗಾವಿಗೆ ಬಂದು ಹೋದಮ್ಯಾಲೆ ಇದನ್ನ ಬರ್ಯಾಕತ್ತೇನಿ, ಯಾಕಂದ್ರ ಜೆನೆಟಿಕ್ ಕೌನ್ಸೆಲಿಂಗ್ (ಜೀನ್ ಟೆಸ್ಟಿನ ಅರ್ಥ, ಮನಿತನದಾಗ ಬರೋ ರೋಗದ ಬಗ್ಗಿ ಬಿಡಿಸಿ ಹೇಳೋದು) ಅಂದ್ರ ಏನಂತ ನನಗೂ ಗೊತ್ತಿರಲಿಲ್ಲ, ನಮ್ಮ ಕಡಿ ಭಾಳ ಮಂದಿಗೆ ಗೊತ್ತಿರಂಗಿಲ್ಲ.

ನನ್ನ ಮಗಾ ಹುಟ್ಟಿದಾಗ 4 ಕೆಜಿ 700 ಗ್ರಾಂ ಇದ್ದ. ಪೈಲ್ವಾನ ಹುಟ್ಟ್ಯಾನ ಅಂತ ಮನ್ಯಾಗ ಪೇಢೆ ಹಂಚಿದ್ರು, ಅಷ್ಟರಾಗ ಕೂಸಿನ ಶುಗರ್ ಇಳಿದು ಐಸಿಯುಕ್ಕ ಒಯ್ದ್ರು. ನಾಲಿಗಿ ದಪ್ಪ, ಅದರ ನಟ್ಟನಡುವ ಉಗುರಿಲೆ ಗೆರಿ ಎಳದಂಗ ಒಂದು ಸೀಳು, ಹೊಕ್ಕಳಾ ಉಬ್ಬಿತ್ತು, ಎದಿಮ್ಯಾಲೆ ಒಂದು ತೊಟ್ಟು ಹೆಚ್ಚಿಗಿ. ಮಕ್ಕಳ ಡಾಕ್ಟರು ಎಲ್ಲಾನೂ ಕೂಡಿಸಿ ನೋಡಿ ಜೀನ್ ಟೆಸ್ಟ್ ಮಾಡಸ್ರಿ ಅಂದ್ರು. ಮೊದಲ ಬ್ಯಾರೆ ಒಂದು ಲ್ಯಾಬಿಗೆ ಕೊಟ್ಟಿದ್ವಿ, ಹೆಸರು ಬ್ಯಾಡ. ತಿಂಗಳಾದಮ್ಯಾಲೆ ವಾಟ್ಸಾಪ್‌ಗೆ ಪಿಡಿಎಫ್ ಒಗದ್ರು, ಒಂದು ಫೋನ್ ಇಲ್ಲ ಮಾತಿಲ್ಲ. ಜಿಪಿಸಿ3 ಅನ್ನೋ ಜೀನಿನ್ಯಾಗ ಒಂದು ತುಂಡು ಇಲ್ಲ ಅಂತ ಅದರಾಗ ಇತ್ತು. ರಾತ್ರಿ ಮೊಬೈಲ್‌ನಾಗ ಆ ಹೆಸರು ಹಾಕಿದ್ರ ಎಲ್ಲಿ ನೋಡಿದ್ರೂ ಲಿವರ್ ಕ್ಯಾನ್ಸರ್. ಬೆಳಕು ಹರಿಯೋತನಾ ಕೂಸಿನ ಹೊಟ್ಟಿಮ್ಯಾಲೆ ಕೈ ಇಟ್ಕೊಂಡ ಕುಂತಿದ್ದೆ.

ಆಮ್ಯಾಲೆ ಡಾಕ್ಟರು ಈ ಸೆಂಟರಿಗೆ ಕಳಿಸಿದ್ರು. ಇಲ್ಲಿ ಮೇಡಂ ಒಂದು ತಾಸಿನಮ್ಯಾಲೆ ನಮ್ಮ ಭಾಷಾದಾಗನ ಕುಂತು ಹೇಳಿದ್ರು, ಅದಕ್ಕ ಈ ಸ್ಟಾರ್. ಒಂದು ಹಾಳಿಮ್ಯಾಲೆ ದುಂಡಗ ಜೀವಕೋಶ ಬರದು, ಅದರ ಹೊರಗಿನ ಮೈಗೆ ಅಂಟಿಕೊಂಡ ಒಂದು ಪ್ರೋಟೀನ್ ಬರದು, ಆ ಪ್ರೋಟೀನಿಗೆ ಸಕ್ಕರಿ ಸರಪಳಿ ಜೋತು ಬಿಟ್ಟಂಗ ಗೆರಿ ಎಳದ್ರು. ಇದು ಗ್ಲಿಪಿಕಾನ್-3, ಆ ಜಿಪಿಸಿ3 ಜೀನ್ ಮಾಡೋದು ಇದನ್ನ, ಇಂಥಾವು ಮನಷ್ಯಾರಾಗ 6 ಅದಾವು ಅಂದ್ರು. ಕೂಸು ಹೊಟ್ಯಾಗ ಬೆಳಿಯೋ ಮುಂದ ಹೆಡ್ಜ್‌ಹಾಗ್ ಅಂತ ಒಂದು ಬೆಳವಣಿಗಿ ಸಂದೇಶ ಬರ್ತೈತಂತ, ಈ ಪ್ರೋಟೀನ್ ಅದನ್ನ ಹಿಡದು ಒಳಗ ಎಳಕೊಂಡು ಕರಗಿಸ್ತೈತಿ, ಹಂಗಾಗಿ ಬೆಳವಣಿಗಿ ಹದದಾಗ ಇರ್ತೈತಿ. ನಮ್ಮ ಮನೆಯವರು ಕಬ್ಬಿನ ರೈತ್ರು, ಹಂಗಾರ ಇದು ಕಾಲುವಿ ಗೇಟ್ ಇದ್ದಂಗಲ್ರಿ, ಗೇಟ್ ಇಲ್ಲಂದ್ರ ಹೊಲಕ್ಕ ನೀರು ಹೆಚ್ಚಾಗ್ತೈತಿ ಅಂದ್ರು. ಮೇಡಂ ಬರೋಬ್ಬರಿ ಹಿಡದ್ರಿ ಅಂದ್ರು. ಅದಕ್ಕ ಮಗಾ ಹುಟ್ಟಾಗನ ಅಷ್ಟ ದೊಡ್ಡಾವ.

ಈ ತೊಂದರಿಗೆ ಸಿಂಪ್ಸನ್ ಗೊಲಾಬಿ ಬೆಹ್ಮೆಲ್ ಸಿಂಡ್ರೋಮ್ ಅಂತಾರ, 1975 ರಾಗ ಒಬ್ಬರು, 1984 ರಾಗ ಮತ್ತಿಬ್ಬರು ಬ್ಯಾರೆ ಬ್ಯಾರೆ ಮನಿತನದಾಗ ನೋಡಿ ಬರದಿದ್ರಂತ, 1996 ರಾಗ ಈ ಜೀನ್ ಸಿಕ್ಕಿತು.

ಇನ್ನ ನನ್ನ ನಿದ್ದಿ ಕೆಡಿಸಿದ ಲಿವರ್ ಕ್ಯಾನ್ಸರ್ ಮಾತು. ಹೊಟ್ಯಾಗಿನ ಕೂಸಿನ ಲಿವರ್‌ನಾಗ ಈ ಪ್ರೋಟೀನ್ ಇರ್ತೈತಿ, ದೊಡ್ಡೋರ ಆರೋಗ್ಯದ ಲಿವರ್‌ನಾಗ ಇರಂಗಿಲ್ಲ, ಲಿವರ್ ಕ್ಯಾನ್ಸರ್ ಆದೋರಾಗ ಭಾಳ ಮಂದಿಗೆ ಮತ್ತ ಎದ್ದು ಕಾಣಸ್ತೈತಿ. ಹಂಗಾಗಿ ಬಯಾಪ್ಸಿಯೊಳಗ ಅದನ್ನ ಗುರುತಿಗೆ ನೋಡ್ತಾರ, ಅದರ ಮ್ಯಾಲೆ ಗುರಿ ಇಟ್ಟು ಔಷಧಾನೂ ಹುಡಕಾಕತ್ತಾರ, ನೀವು ಓದಿದ್ದು ಅದು ಅಂದ್ರು. ಅಲ್ಲಿ ಇರಬಾರದಲ್ಲಿ ಬರ್ತೈತಿ, ನಮ್ಮ ಹುಡುಗನಾಗ ಇರಬೇಕಾದಲ್ಲಿ ಇಲ್ಲ. ಆದ್ರೂ ಸುಳ್ಳ ಸಮಾಧಾನ ಹೇಳಲಿಲ್ಲ, ಇಂಥಾ ಮಕ್ಕಳಿಗೆ ಸಣ್ಣ ವಯಸ್ಸಿನ್ಯಾಗ ಕಿಡ್ನಿ ಮತ್ತ ಲಿವರ್ ಗಡ್ಡಿ ಆಗೋ ಸಂಭವ ಬ್ಯಾರೆ ಮಕ್ಕಳಿಗಿಂತ ಹೆಚ್ಚೈತಿ, 3 ತಿಂಗಳಿಗೊಮ್ಮೆ ಹೊಟ್ಟಿ ಸ್ಕ್ಯಾನ್, ಜೊತಿಗೆ ಎಎಫ್‌ಪಿ (ಲಿವರ್ ಗಡ್ಡಿ ಇದ್ರ ರಕ್ತದಾಗ ಹೆಚ್ಚಾಗೋ ಒಂದು ಪ್ರೋಟೀನ್) ರಕ್ತಪರೀಕ್ಷಾ ಬಿಡಬ್ಯಾಡ್ರಿ, ಹಾರ್ಟ್ ಎಕೋನೂ ಮಾಡಸ್ರಿ ಅಂದ್ರು. ಎಳಿ ಕೂಸಿಗೆ ಎಎಫ್‌ಪಿ ಸಹಜನ ಹೆಚ್ಚಿರ್ತೈತಿ, ಬರಬರ್ತಾ ಇಳಿತೈತಿ, ಒಂದ ನಂಬರ್ ನೋಡಿ ಗಾಬರಿ ಆಗಬ್ಯಾಡ್ರಿ ಅಂತ ಮೊದಲ ಹೇಳಿ ಇಟ್ಟಿದ್ದು ನಮಗ ಭಾಳ ಉಪಯೋಗ ಆತು.

ನನ್ನ ಟೆಸ್ಟ್ ಬಗ್ಗಿನೂ ಹೇಳ್ತೇನಿ. ಜೀನ್ ಇರೋದು ಎಕ್ಸ್ ಕ್ರೋಮೋಸೋಮಿನ್ಯಾಗ, ಗಂಡಹುಡುಗರಿಗೆ ಅದು ಒಂದ, ನಮಗ ಎರಡು. ಹಂಗಾಗಿ ನನ್ನಲ್ಲಿ ತುಂಡು ಹೋಗಿದ್ರೂ ಮಗ್ಗಲಿನ ಚಲೋ ಪ್ರತಿ ಅದನ್ನ ಮುಚ್ಚಿಬಿಡ್ತೈತಿ, ಜೀನಿನ ಅಕ್ಷರ ಓದೋ ಸಾದಾ ಸೀಕ್ವೆನ್ಸಿಂಗ್ ಟೆಸ್ಟಿನ್ಯಾಗ ತಪ್ಪಿ ಹೋಗಬಹುದು, ತುಂಡು ಎಣಿಸೋ ಎಂಎಲ್‌ಪಿಎ ಟೆಸ್ಟ್ ಮಾಡಬೇಕು ಅಂತ ಅದನ್ನ ಮಾಡಿಸಿದ್ರು. ನನ್ನಲ್ಲಿ ಐತಿ ಅಂತ ಬಂತು. ಅತ್ತಿ ಸಂಗಾಟ ಬಂದಿದ್ರು, ಅಷ್ಟ ದಿನಾ ಬಸರಿದ್ದಾಗ ಇಕಿ ಅದು ತಿಂದ್ಲು ಇದು ತಿಂದ್ಲು ಅಂತಿದ್ರು. ಮೇಡಂ ಅವರ ಕಡಿ ತಿರುಗಿ, ಅಮ್ಮಾರ, ಇದು ಊಟದ್ಲೆ ಬಂದಿದ್ದಲ್ಲ, ಇಕಿ ಹುಟ್ಟಾಗನ ಇತ್ತು, ಇಕಿಗೂ ಗೊತ್ತಿರಲಿಲ್ಲ ಅಂದ್ರು. ಅತ್ತಿ ಏನೂ ಅನಲಿಲ್ಲ, ಬಸ್ ಸ್ಟ್ಯಾಂಡಿನ್ಯಾಗ ನನ್ನ ಕಡಿಂದ ಕೂಸು ತೊಗೊಂಡು ನೀ ಮೊದಲ ಉಣ್ಣು ಅಂದ್ರು.

ಒಂದು ಸ್ಟಾರ್ ಯಾಕ ಕಡಿಮಿ ಅಂದ್ರ, ಕಡೀಕ ಕೊಡೋ ಚೀಟಿ ಇಂಗ್ಲಿಷ್‌ನಾಗ ಐತಿ, ಬಾಯಿಲೆ ಅಷ್ಟ ಚಂದ ಕನ್ನಡದಾಗ ಹೇಳೋರು ಅರ್ಧ ಪಾನಾ ಕನ್ನಡದಾಗ ಬರದು ಕೊಟ್ರ ಮನ್ಯಾಗಿನ ಎಲ್ಲಾರೂ ಓದತಿದ್ರು. ಸಣ್ಣ ಕೂಸಿನವರಿಗೆ ಮಲಗಸಾಕ ಜಾಗಾನೂ ಇಲ್ಲ. ಹೋಗೋರು ಫೋನ್ ಮಾಡಿ ಟೈಮ್ ತೊಗೊಂಡ ಹೋಗ್ರಿ, ಹಳೇ ಫೈಲ್ ಎಲ್ಲಾ ಒಯ್ಯಿರಿ, ತವರಮನಿ ಕಡಿ ಸಣ್ಣವರಿದ್ದಾಗ ತೀರಿದ ಗಂಡಮಕ್ಕಳ ಬಗ್ಗಿ ಕೇಳ್ತಾರ, ಮೊದಲ ಅವ್ವನ ಕೇಳ್ಕೊಂಡ ಹೋಗ್ರಿ. ನಮ್ಮವ್ವಗ ಕೇಳಿದಾಗ, ನನ್ನ ಒಬ್ಬ ಸ್ವಾದರಮಾವ ಹುಟ್ಟಿ 9 ದಿನಕ್ಕ ಹೋಗಿದ್ನಂತ, ಭಾಳ ದಪ್ಪ ಕೂಸು ಇತ್ತು ಅಂದ್ಲು.

ಮಗಗ ಈಗ 14 ತಿಂಗಳು, ಗ್ವಾಡಿ ಹಿಡದು ನಡಿತಾನ, ಇಲ್ಲಿತನಾ ಸ್ಕ್ಯಾನ್ ಎಲ್ಲಾ ಚಲೋ ಬಂದಾವು. ಮುಂದಿನ ಸಲ ನನ್ನ ತಂಗಿನೂ ಬರಾಕತ್ತಾಳ, ಮದವಿಗೆ ಮೊದಲ ತನ್ನ ಟೆಸ್ಟ್ ಮಾಡಸ್ತೇನಿ ಅಂತ ತಾನ ಹೇಳ್ಯಾಳ.