ಚಿಕ್ಕ ಗಾಯದ ಮಂಡಿ ಆಪರೇಷನ್: ಸರ್ಜನ್ ಆರಿಸೋವಾಗ ನಾವು ಏನೇನು ನೋಡಿದ್ವಿ

ಅಮ್ಮನ ಬಲಗಾಲಿನ ಮಂಡಿ ಪೂರ್ತಿ ಸವೆದುಹೋಗಿತ್ತು, ಮೂಳೆಗೆ ಮೂಳೆ ತಾಗ್ತಿರೋದು ಎಕ್ಸ್‌ರೇಲಿ ನಮ್ಮ ಕಣ್ಣಿಗೇ ಕಾಣ್ತಿತ್ತು, ಮಾತ್ರೆ ವ್ಯಾಯಾಮ ಇಂಜೆಕ್ಷನ್ ಎಲ್ಲ ಮುಗಿದು ಇನ್ನು ಬದಲಾಯಿಸೋದೊಂದೇ ದಾರಿ ಅಂತಾದ್ಮೇಲೆ ಸರ್ಜನ್ ಹುಡುಕೋಕೆ ಶುರು ಮಾಡಿದ್ವಿ. ಈಗ ಅಮ್ಮ ಕೋಲಿಲ್ದೆ ಮೆಟ್ಟಿಲು ಹತ್ತಿ ಇಳೀತಾರೆ. ಆಪರೇಷನ್ ಮಾಡಿದ ಡಾಕ್ಟ್ರಿಗೆ ನನ್ನ ಕಡೆಯಿಂದ ಐದಕ್ಕೆ ಐದು, ಆಸ್ಪತ್ರೆಗೆ ಮೂರೂವರೆ, ಯಾಕೆ ಅಂತ ಕೆಳಗೆ ಬರ್ದಿದೀನಿ. ಹೆಸರು ಯಾರದ್ದೂ ಹಾಕಿಲ್ಲ, ಯಾಕಂದ್ರೆ ಹೆಸರಿಗಿಂತ ಹೇಗೆ ಆರಿಸ್ಬೇಕು ಅನ್ನೋದೇ ಬೇರೆಯವರಿಗೆ ಉಪಯೋಗ.

ಮಿನಿಮಲಿ ಇನ್ವೇಸಿವ್, ಅಂದ್ರೆ ಈ ಚಿಕ್ಕ ಗಾಯದ ವಿಧಾನ, ಅಂದ ತಕ್ಷಣ ಎಲ್ಲರೂ ಮೊದಲು ಹೇಳೋದು ಗಾಯದ ಉದ್ದ. ಹಳೇ ರೀತೀಲಿ 8ರಿಂದ 10 ಇಂಚು ಕುಯ್ತಾರೆ, ಇದರಲ್ಲಿ 4ರಿಂದ 6 ಇಂಚು. ಆದ್ರೆ ಚರ್ಮ ಹೆಂಗೂ ಕೂಡ್ಕೊಳತ್ತೆ, ನೋವು ಕೊಡೋದು, ಕಾಲೆತ್ತೋಕೆ ಬಿಡದೇ ಇರೋದು ಒಳಗಿನ ಸ್ನಾಯು. ಕ್ವಾಡ್ರಿಸೆಪ್ಸ್ ಅಂತ ತೊಡೆ ಮುಂಭಾಗದಲ್ಲಿ ದೊಡ್ಡ ಸ್ನಾಯು ಇದ್ಯಲ್ಲ, ಮಾಮೂಲಿ ವಿಧಾನದಲ್ಲಿ ಅದರ ಟೆಂಡನ್ನ, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟಿರೋ ಪಟ್ಟಿನ, ಉದ್ದಕ್ಕೆ ಸೀಳಿ ಮಂಡಿಚಿಪ್ಪನ್ನ ಪಕ್ಕಕ್ಕೆ ಸರಿಸಿ ಕೀಲಿಗೆ ಹೋಗ್ತಾರೆ. ಮಿಡ್‌ವಾಸ್ಟಸ್ ಅನ್ನೋದ್ರಲ್ಲಿ ಒಳಬದಿಯ ಸ್ನಾಯುವನ್ನ ಅದರ ಎಳೆ ಹೋಗೋ ದಿಕ್ಕಲ್ಲೇ ಸ್ವಲ್ಪ ಬಿಡಿಸ್ತಾರೆ, ಸಬ್‌ವಾಸ್ಟಸ್‌ನಲ್ಲಿ ಆ ಸ್ನಾಯುವನ್ನ ಕತ್ತರಿಸದೆ ಅಡಿಯಿಂದ ಎತ್ತಿ ಹಿಡೀತಾರೆ. ಹೀಗೆ ಮಾಡಿದ್ರೆ ಮೊದಲ ಕೆಲವು ವಾರ ಚೇತರಿಕೆ ಬೇಗ ಆಗ್ಬಹುದು. ಒಂದು ವರ್ಷ ಆದ್ಮೇಲೆ ನೋಡಿದ್ರೆ ಹಳೇ ರೀತಿಗೂ ಇದಕ್ಕೂ ಅಂಥಾ ವ್ಯತ್ಯಾಸ ಉಳಿಯಲ್ಲ, ಇದನ್ನ ಜಾಹೀರಾತಲ್ಲಿ ಯಾರೂ ಹೇಳಲ್ಲ ಅನ್ನೋದು ನಂಗೆ ನಿಜವಾಗ್ಲೂ ಬೇಜಾರು.

ಮೊದಲು ನೋಡಿದ ಸರ್ಜನ್ ಮೊಬೈಲಲ್ಲಿ ಗಾಯದ ಫೋಟೋಗಳನ್ನ ತೋರ್ಸಿದ್ರು, ಎಷ್ಟು ಚಿಕ್ಕದಿದೆ ನೋಡಿ ಅಂತ. ನಾನು ಸ್ನಾಯುವನ್ನ ಏನು ಮಾಡ್ತೀರಿ ಸರ್ ಅಂತ ಕೇಳಿದ್ರೆ ಅದೆಲ್ಲ ನಾವು ನೋಡ್ಕೋತೀವಿ ಬಿಡಿ ಅಂದ್ರು. ಅಮ್ಮನ ಕಾಲನ್ನ ಮುಟ್ಟಿ ಕೂಡ ನೋಡ್ಲಿಲ್ಲ. ಇನ್ನೊಂದು ಕಡೆ ಬರೀ ರೋಬೋಟ್ ವಿಷ್ಯ. ಮಾಕೋ, ರೋಸಾ ಅಂತೆಲ್ಲ ಮಷೀನುಗಳಿವೆ, ಮಾಕೋಗೆ ಮುಂಚೇನೇ ಸಿಟಿ ಸ್ಕ್ಯಾನ್ ಮಾಡಿ ಪ್ಲಾನ್ ಹಾಕ್ಬೇಕು, ಮೂಳೆ ಕೊಯ್ಯೋವಾಗ ಬ್ಲೇಡು ಆ ಪ್ಲಾನ್ ದಾಟಿ ಹೋಗದ ಹಾಗೆ ಅದು ತಡೆಯತ್ತೆ, ಅಳತೆ ಕರೆಕ್ಟಾಗಿ ಬರತ್ತೆ, ಅದು ಒಳ್ಳೇದೇ. ಆದ್ರೆ ರೋಬೋಟ್ ಇದೆ ಅಂದ ಮಾತ್ರಕ್ಕೆ ಸ್ನಾಯು ಉಳೀತು ಅಂತಲ್ಲ, ಎಲ್ಲಿ ಸೀಳ್ಬೇಕು, ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟಿರೋ ಪಟ್ಟಿ) ಎಷ್ಟು ಸಡಿಲ ಬಿಡ್ಬೇಕು ಅನ್ನೋದನ್ನ ತೀರ್ಮಾನ ಮಾಡೋದು ಸರ್ಜನ್ನೇ. ಎಷ್ಟೋ ವರ್ಷ ಆದ್ಮೇಲೆ ರೋಗಿಗೆ ಇದರಿಂದ ದೊಡ್ಡ ಲಾಭ ಅಂತ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ.

ಕೊನೆಗೆ ನಾವು ಒಪ್ಕೊಂಡ ಡಾಕ್ಟ್ರು ಹೇಗೆ ನೋಡಿದ್ರು ಅಂತ ಹೇಳ್ಲೇಬೇಕು. ಮೊದಲು ಅಮ್ಮನ್ನ ಬಾಗಿಲಿಂದ ಕಿಟಕಿ ತನಕ ನಡೆಸಿದ್ರು, ತಾವು ಹಿಂದಿಂದ ನೋಡ್ತಾ ನಿಂತ್ರು. ಆಮೇಲೆ ಮಲಗಿಸಿ ಸೊಂಟದ ಕೀಲು ತಿರುಗಿಸಿ ನೋಡಿದ್ರು, ಮಂಡಿನೋವು ಅನ್ನೋದು ಎಷ್ಟೋ ಸಲ ಸೊಂಟದಿಂದ ಬಂದಿರತ್ತಂತೆ. ಪಾದದಲ್ಲಿ ನಾಡಿ ಹಿಡಿದ್ರು, ಮಂಡಿ ಎಷ್ಟು ಮಡಚತ್ತೆ, ಎಷ್ಟು ನೆಟ್ಟಗಾಗತ್ತೆ ಅಂತ ಅಳೆದು ಬರ್ಕೊಂಡ್ರು. ನಿಂತ್ಕೊಂಡು ತೆಗೆಸೋ ಉದ್ದನೇ ಎಕ್ಸ್‌ರೇ ತರಿಸಿ, ಸೊಂಟದಿಂದ ಹಿಮ್ಮಡಿಗಂಟಿನ ತನಕ ಒಂದು ಗೆರೆ ಎಳೆದು, ಭಾರ ಮಂಡಿಯ ಯಾವ ಕಡೆ ಬೀಳ್ತಿದೆ ಅಂತ ಅಮ್ಮಂಗೇ ತೋರ್ಸಿದ್ರು. ಅಮ್ಮ ಅಷ್ಟು ಗಮನ ಕೊಟ್ಟು ಕೇಳಿದ್ದು ನಾನು ನೋಡಿದ್ದು ಅವತ್ತೇ.

ಅರ್ಧ ಮಂಡಿ, ಅಂದ್ರೆ ಸವೆದ ಬದಿ ಮಾತ್ರ ಬದಲಾಯಿಸೋ ಪಾರ್ಷಿಯಲ್, ಸಾಕಾಗಲ್ವಾ ಸರ್ ಅಂತಾನೂ ಕೇಳ್ದೆ. ಒಂದೇ ಬದಿ ಸವೆದಿದ್ದು ಲಿಗಮೆಂಟ್ ಎಲ್ಲ ಗಟ್ಟಿ ಇದ್ರೆ ಅದು ಚೆನ್ನಾಗಿರತ್ತೆ, ಗಾಯವೂ ಚಿಕ್ಕದು, ನಡಿಗೆಯೂ ಸಹಜವಾಗಿರತ್ತೆ, ಆದ್ರೆ ಇವ್ರಿಗೆ ಒಳಬದಿ, ಹೊರಬದಿ, ಚಿಪ್ಪಿನ ಹಿಂಭಾಗ ಮೂರೂ ಹೋಗಿದೆ ಅಂದ್ರು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ಸುಮಾರು ಶೇ 82ರಷ್ಟು 25 ವರ್ಷ ಬಾಳಿಕೆ ಬರತ್ವೆ, ಪಾರ್ಷಿಯಲ್‌ನಲ್ಲಿ ಸುಮಾರು ಶೇ 70. ಹಂಗಾಗಿ ಚಿಕ್ಕ ಆಪರೇಷನ್ ಅಂತ ಪಾರ್ಷಿಯಲ್‌ಗೇ ಹಠ ಹಿಡಿಯೋದು ಬೇಡ, ಆಗದ ಮಂಡಿಗೆ ಅದನ್ನ ಮಾಡಿಸಿದ್ರೆ ಮತ್ತೆ ಟೇಬಲ್ ಮೇಲೆ ಮಲಗ್ಬೇಕಾಗತ್ತೆ.

ನಂಗೆ ನಂಬಿಕೆ ಬಂದಿದ್ದು ಒಂದೇ ಒಂದು ಪ್ರಶ್ನೆಗೆ ಸಿಕ್ಕ ಉತ್ತರದಿಂದ. ಚಿಕ್ಕ ಗಾಯದಲ್ಲಿ ಮಧ್ಯದಲ್ಲಿ ಸರಿಯಾಗಿ ಕಾಣ್ಲಿಲ್ಲ ಅಂದ್ರೆ ಏನ್ ಮಾಡ್ತೀರಿ ಅಂತ ಕೇಳಿದ್ದಕ್ಕೆ ಅವ್ರು ಒಂದು ಕ್ಷಣಾನೂ ಯೋಚಿಸದೆ, "ಇನ್ನೆರಡು ಇಂಚು ಕುಯ್ತೀನಮ್ಮ, ಕೀಲು ಸೊಟ್ಟ ಕೂತ್ರೆ ಯಾರು ಅನುಭವಿಸೋದು" ಅಂದ್ರು. ಇದೇ ಪ್ರಶ್ನೆ ನೀವೂ ಕೇಳಿ. ಹಂಗೆಲ್ಲ ಆಗಲ್ಲ ಅನ್ನೋರ ಹತ್ರ ನಾನಂತೂ ಹೋಗಲ್ಲ, ಯಾಕಂದ್ರೆ ಇಕ್ಕಟ್ಟಲ್ಲಿ ಕೆಲ್ಸ ಮಾಡೋವಾಗ ಇಂಪ್ಲಾಂಟ್ (ಒಳಗೆ ಕೂರಿಸೋ ಕೃತಕ ಕೀಲು) ಓರೆಯಾಗಿ ಕೂರೋದು, ಚರ್ಮದ ಅಂಚು ಜಾಸ್ತಿ ಎಳೆದು ಹಾಳಾಗೋದು ಇವೇ ಈ ವಿಧಾನದ ನಿಜವಾದ ಅಪಾಯ, ಕೈ ಪಳಗದವರಲ್ಲಿ ಜಾಸ್ತಿ. ಇದೇ ವಿಧಾನದಲ್ಲಿ ವರ್ಷಕ್ಕೆ ಎಷ್ಟು ಮಾಡ್ತೀರಿ ಅಂತ ನೇರವಾಗಿ ಕೇಳಿ, ಮುಜುಗರ ಬೇಡ, ಹೆಚ್ಚು ಮಾಡೋ ಸರ್ಜನ್ನುಗಳಲ್ಲಿ ತೊಂದರೆ ಕಮ್ಮಿ ಅನ್ನೋದು ಬೇಕಾದಷ್ಟು ಕಡೆ ಕಂಡುಬಂದಿರೋ ವಿಷ್ಯ. ತುಂಬಾ ದಪ್ಪ ಇರೋರು, ಕಾಲು ತುಂಬಾ ಸೊಟ್ಟ ಆಗಿರೋರು, ಮುಂಚೆ ಅದೇ ಮಂಡಿಗೆ ದೊಡ್ಡ ಆಪರೇಷನ್ ಆಗಿರೋರಿಗೆ ಇದು ಸಾಮಾನ್ಯವಾಗಿ ಹೊಂದಲ್ಲ, ಅಂಥೋರಿಗೆ ಬೇಡ ಅಂತ ಹೇಳೋ ಸರ್ಜನ್ ಸಿಕ್ಕಿದ್ರೆ ಅವ್ರನ್ನ ಬಿಡಬೇಡಿ.

ಆಪರೇಷನ್ ಡೇಟ್ ಕೊಡೋಕೆ ಮುಂಚೆ ಶುಗರ್ ಹತೋಟಿಗೆ ಬರ್ಬೇಕು ಅಂತ ಕಾಯಿಸಿದ್ರು, ಹಲ್ಲಿನ ಡಾಕ್ಟ್ರ ಹತ್ರಾನೂ ಕಳಿಸಿದ್ರು. ಬಾಯಲ್ಲಿ ಕೀವಿದ್ರೆ ಆ ಸೋಂಕು ರಕ್ತದ ಮೂಲಕ ಹೊಸ ಕೀಲಿಗೆ ಹೋಗಿ ಕೂರ್ಬಹುದು, ಕೀಲಿಗೆ ಸೋಂಕಾದ್ರೆ ಎಲ್ಲ ಬಿಚ್ಚಿ ಮತ್ತೆ ಮಾಡ್ಬೇಕಾಗೋದೂ ಉಂಟು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ ಮಾಡಿದ್ರು, ನೋವು ಕಮ್ಮಿ ಇರ್ಲಿ ಅಂತ ತೊಡೆಗೆ ನರದ ಬ್ಲಾಕ್ (ನರದ ಹತ್ರ ಕೊಡೋ ಇಂಜೆಕ್ಷನ್) ಕೂಡ ಕೊಟ್ಟಿದ್ರಿಂದ ಅವತ್ತು ಸಂಜೆಗೇ ವಾಕರ್ ಹಿಡಿದು ಎದ್ದು ನಿಂತ್ರು.

ಆಸ್ಪತ್ರೆಗೆ ಮಾರ್ಕ್ಸ್ ಕಟ್ ಮಾಡಿದ್ದು ಆಮೇಲಿನ ಆರೈಕೆಗೆ. ರಾತ್ರಿ ಡ್ಯೂಟಿ ಸಿಸ್ಟರ್ ಆರಾಮಾಗಿರ್ಲಿ ಅಂತ ಮಂಡಿ ಅಡಿಗೇ ದಿಂಬು ಇಟ್ಟು ಹೋಗಿದ್ರು. ಮಾಡಬಾರದ ಕೆಲ್ಸ ಅದು, ಕಾಲು ಮಡಚಿದ ಹಾಗೇ ಬಿಗಿದುಕೊಂಡು ಆಮೇಲೆ ನೆಟ್ಟಗೆ ಮಾಡೋಕೆ ಕಣ್ಣೀರು ಬರತ್ತೆ. ದಿಂಬು ಇಡೋದಾದ್ರೆ ಹಿಮ್ಮಡಿ ಕೆಳಗೆ ಇಡ್ಬೇಕು, ಮಂಡಿ ತಾನಾಗೇ ಕೆಳಕ್ಕೆ ಇಳಿದು ನೆಟ್ಟಗಾಗ್ಲಿ ಅಂತ. ಬೆಳಿಗ್ಗೆ ಡಾಕ್ಟ್ರು ನೋಡಿ ತಾವೇ ತೆಗೆದ್ರು. ಫಿಸಿಯೋ ಭಾನುವಾರ ಬರ್ಲೇ ಇಲ್ಲ. ಮನೆಗೆ ಕಳಿಸೋವಾಗ ರಕ್ತ ಹೆಪ್ಪುಗಟ್ಟದಂತೆ ತಗೊಳ್ಳೋ ಮಾತ್ರೆ ಎಷ್ಟು ದಿನ ಅಂತ ನಾವೇ ಕೇಳಿ ಬರೆಸ್ಕೊಂಡ್ವಿ. ಮೀನಖಂಡ ಊದಿ ನೋವು ಬಂದ್ರೆ, ಉಸಿರು ಸಿಕ್ಕಿಕೊಂಡ್ರೆ ಕಾಯದೆ ತಕ್ಷಣ ಬನ್ನಿ ಅನ್ನೋದನ್ನ ಕೂಡ ದೊಡ್ಡಕ್ಷರದಲ್ಲಿ ಬರೆದು ಕೊಡ್ಬೇಕಿತ್ತು.

ಗಾಯದ ಹೊರಬದೀಲಿ ಅಂಗೈಯಷ್ಟು ಜಾಗ ಅಮ್ಮಂಗೆ ಇನ್ನೂ ಮರಗಟ್ಟಿದಂಗಿದೆ, ಚಿಕ್ಕ ಗಾಯಕ್ಕೂ ಇದು ಆಗತ್ತೆ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರಿಂದ ಗಾಬರಿ ಆಗ್ಲಿಲ್ಲ. ಎಡಗಾಲೂ ಈಗ ನೋಯ್ತಿದೆ, ಮಾಡಿಸೋ ದಿನ ಬಂದ್ರೆ ಇದೇ ಸರ್ಜನ್ ಹತ್ರಾನೇ ಹೋಗೋದು, ಆದ್ರೆ ವಾರಪೂರ್ತಿ ಫಿಸಿಯೋ ಸಿಗೋ ಬೇರೆ ಆಸ್ಪತ್ರೇಲಿ ಅವ್ರು ಮಾಡ್ತಾರಾ ಅಂತ ಮೊದ್ಲು ಕೇಳ್ತೀವಿ.