ಒಂದೇ ಡಂಜನ್, ಮೂರು ಥರದ ಲೆಕ್ಕ

ನನ್ನ ಹತ್ತಿರ ಹನ್ನೆರಡು ಕೋಣೆಗಳ ಒಂದು ಡಂಜನ್ (ರಾಕ್ಷಸರಿರುವ ನೆಲಮಾಳಿಗೆ) ನಕ್ಷೆ ಇದೆ. ಮೇಲೆ ಗಾಬ್ಲಿನ್‌ಗಳು (ಕುಳ್ಳ ರಾಕ್ಷಸರು) ಮತ್ತು ಒಂದು ಓಗರ್ (ದೈತ್ಯ), ಕೆಳಗೆ ಮುಚ್ಚಿದ ಸಮಾಧಿಯಲ್ಲಿ ಎಂಟು ಅಸ್ಥಿಪಂಜರಗಳು. ಇದನ್ನೇ ಮೂರು ತಂಡಗಳಿಗೆ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟದ ಐದನೇ ಆವೃತ್ತಿಯಲ್ಲಿ ಆಡಿಸಿದೆ. ಪ್ರತಿ ಸಲವೂ ನಾಲ್ಕು ಜನ, ಎಲ್ಲರದ್ದೂ ಮೂರನೇ ಲೆವೆಲ್. ನಾನು ಬದಲಾಯಿಸಿದ್ದು ಕಾಳಗಗಳನ್ನು ಯೋಜಿಸುವ ರೀತಿಯನ್ನು ಮಾತ್ರ.

ಮೊದಲನೇ ತಂಡಕ್ಕೆ 2014ರ ಎಕ್ಸ್‌ಪಿ ಬಜೆಟ್, ಅಂದರೆ ರಾಕ್ಷಸರಿಗೆ ಇರುವ ಅನುಭವದ ಅಂಕಗಳಿಂದ (ಎಕ್ಸ್‌ಪಿ) ಕಾಳಗ ಎಷ್ಟು ಕಷ್ಟ ಅಂತ ಅಳೆಯುವ ಲೆಕ್ಕ. ಮೂರನೇ ಲೆವೆಲ್‌ನ ಒಬ್ಬೊಬ್ಬರಿಗೆ ಈಸಿ 75, ಮೀಡಿಯಂ 150, ಹಾರ್ಡ್ 225, ಡೆಡ್ಲಿ 400. ನಾಲ್ಕು ಜನ ಅಂದರೆ 300, 600, 900, 1600. ರಾಕ್ಷಸರ ಎಕ್ಸ್‌ಪಿ ಕೂಡಿಸಬೇಕು, ಆಮೇಲೆ ಎಷ್ಟು ತಲೆ ಇವೆ ನೋಡಿ ಗುಣಿಸಬೇಕು. ಮೂರರಿಂದ ಆರು ಇದ್ದರೆ ಎರಡರಿಂದ, ಏಳರಿಂದ ಹತ್ತು ಇದ್ದರೆ ಎರಡೂವರೆಯಿಂದ. ತಲೆ ಜಾಸ್ತಿಯಾದಷ್ಟೂ ಒಂದು ರೌಂಡಿನಲ್ಲಿ (ಎಲ್ಲರೂ ಒಂದೊಂದು ಸಲ ಆಡುವ ಸುತ್ತು) ಬೀಳುವ ಏಟೂ ಜಾಸ್ತಿ, ಅದಕ್ಕೆ.

ನಾಲ್ಕನೇ ಕೋಣೆಯಲ್ಲಿ ಆರು ಗಾಬ್ಲಿನ್ ಇಟ್ಟೆ. ಒಂದಕ್ಕೆ 50, ಒಟ್ಟು 300, ಗುಣಿಸಿದರೆ 600. ಸರಿಯಾಗಿ ಮೀಡಿಯಂ. ಪಕ್ಕದ ಐದನೇ ಕೋಣೆಯಲ್ಲಿ ಒಂಟಿ ಓಗರ್, 450. ಈಸಿ. ಹಾಳೆ ಮೇಲೆ ಎಷ್ಟು ಚೆನ್ನಾಗಿತ್ತು ಅಂದರೆ ನಾನೇ ಎರಡು ಸಲ ನೋಡಿ ಖುಷಿಪಟ್ಟೆ.

ಎರಡನೇ ರೌಂಡಿನಲ್ಲಿ ಒಂದು ಗಾಬ್ಲಿನ್ ಹೆದರಿ ಓಡಿತು. ಎಲ್ಲಿಗೆ ಓಡೀತು? ಐದನೇ ಕೋಣೆಗೇ. ಬಾಗಿಲು ತೆಗೀತು, ಓಗರ್ ಎದ್ದು ಬಂತು. ಈಗ ಏಳು ತಲೆ, 750 ಇಂಟು ಎರಡೂವರೆ, 1875. ಅಂದರೆ ಒಂದು ಮೀಡಿಯಂ ಮತ್ತು ಒಂದು ಈಸಿ ಸೇರಿ ಡೆಡ್ಲಿ ಆಗಿಬಿಟ್ಟಿತ್ತು. ತಂಡದ ಕ್ಲೆರಿಕ್ (ಪುರೋಹಿತನ ಪಾತ್ರ) ಬಿದ್ದ. ಇನ್ನೇನು ಎಲ್ಲರೂ ಹೋಗುತ್ತಾರೆ ಅನ್ನುವಾಗ ನಾನು ದಾಳ, ಟಿಪ್ಪಣಿ ಮರೆಮಾಡುವ ಪರದೆ ಹಿಂದೆ ಸುಳ್ಳು ಹೇಳಿದೆ. ಇಪ್ಪತ್ತು ಹಿಟ್ ಪಾಯಿಂಟ್ (ಪ್ರಾಣಬಲ) ಉಳಿದಿದ್ದ ಓಗರನ್ನು ಸುಮ್ನೆ ಸಾಯಿಸಿದೆ. ಆ ತಂಡಕ್ಕೆ ಇವತ್ತಿಗೂ ಗೊತ್ತಿಲ್ಲ.

2024ರ ನಿಯಮ ಆ ಗುಣಾಕಾರವನ್ನೇ ಕಿತ್ತುಹಾಕಿದೆ. ಅದರ ಪ್ರಕಾರ ಇದೇ ತಂಡಕ್ಕೆ ಲೋ 600, ಮಾಡರೇಟ್ 900, ಹೈ 1600. ನಮ್ಮ 750 ಮಾಡರೇಟ್ ಒಳಗೇ ಬರುತ್ತದೆ. ಲೆಕ್ಕ ಸುಲಭ, ನಿಜ. ಆದರೆ ಬಿದ್ದ ಕ್ಲೆರಿಕ್‌ನ ಕೇಳಿದರೆ ಹಳೆಯ ಗುಣಾಕಾರವೇ ಸರಿ ಅಂದಾನು. ಇನ್ನು ದಿನಕ್ಕೆ ಆರರಿಂದ ಎಂಟು ಕಾಳಗ ಅನ್ನುವ 2014ರ ಅಂದಾಜು ನನ್ನ ಮೇಜಿನಲ್ಲಿ ಒಂದು ಸಲವೂ ನಡೆದಿಲ್ಲ. ಮೂರನೇ ಕಾಳಗ ಮುಗಿದದ್ದೇ ತಡ, ಬಾಗಿಲಿಗೆ ಅಡ್ಡ ಮೇಜು ತಳ್ಳಿ ಎಂಟು ಗಂಟೆ ಮಲಗಿದರು.

ಎರಡನೇ ತಂಡಕ್ಕೆ ಇದೇ ಆಟದ 1981ರ ಬೇಸಿಕ್ ನಿಯಮಗಳಿಂದ ದಾಳಗಳನ್ನು ಎರವಲು ತಂದೆ. ಹತ್ತು ನಿಮಿಷಕ್ಕೆ ಒಂದು ಟರ್ನ್. ಎರಡು ಟರ್ನಿಗೊಮ್ಮೆ ಆರು ಮುಖದ ದಾಳ ಹಾಕಬೇಕು, ಒಂದು ಬಿದ್ದರೆ ಅಲೆಯುವ ರಾಕ್ಷಸ ಹಾಜರ್. ಎದುರಾದವರ ಮನಸ್ಸು ಹೇಗಿದೆ ಅಂತ ತಿಳಿಯೋಕೆ ಎರಡು ದಾಳ. ಧೈರ್ಯ ನೋಡೋಕೂ ಎರಡು ದಾಳ. ಗಾಬ್ಲಿನ್ ಧೈರ್ಯ 7, ಅದಕ್ಕಿಂತ ಜಾಸ್ತಿ ಬಿದ್ದರೆ ಕಾಲಿಗೆ ಬುದ್ಧಿ ಹೇಳುತ್ತವೆ. ಅಸ್ಥಿಪಂಜರದ್ದು 12, ಹಾಗಾಗಿ ಓಡುವ ಮಾತೇ ಇಲ್ಲ.

ಆ ಸಂಜೆಯ ಅತ್ಯುತ್ತಮ ಗಳಿಗೆ ಇದರಿಂದಲೇ ಬಂತು. ಅದೇ ನಾಲ್ಕನೇ ಕೋಣೆ, ಮನಸ್ಸು ತಿಳಿಯುವ ದಾಳಗಳಲ್ಲಿ 10 ಬಿತ್ತು. ಗಾಬ್ಲಿನ್‌ಗಳಿಗೆ ಜಗಳ ಬೇಡವಂತೆ. ಯಾಕೆ? ಆ ಕ್ಷಣಕ್ಕೆ ಹೊಳೆದದ್ದನ್ನು ಹೇಳಿದೆ: ಪಕ್ಕದ ಕೋಣೆಯ ಓಗರ್ ಅವರ ಪಾಲಿನದ್ದನ್ನೆಲ್ಲ ತಿನ್ನುತ್ತಿದೆ, ಅದನ್ನು ಮುಗಿಸಿಕೊಟ್ಟರೆ ದಾರಿ ಬಿಡುತ್ತಾರೆ. ಅರ್ಧ ಗಂಟೆ ಚೌಕಾಸಿ ನಡೆಯಿತು. ಯಾವ ಬಜೆಟ್ಟೂ ನನಗೆ ಇಂಥದ್ದನ್ನು ಕೊಟ್ಟಿಲ್ಲ.

ಅಲೆಯುವ ರಾಕ್ಷಸರು ಮಾತ್ರ ಪೂರಾ ಕೈಕೊಟ್ಟರು. ಆ ಹಳೆಯ ಆಟದಲ್ಲಿ ಎಕ್ಸ್‌ಪಿ ಹೆಚ್ಚಾಗಿ ಬರುವುದು ಹೊತ್ತು ತಂದ ಚಿನ್ನದಿಂದ, ಕೊಂದದ್ದರಿಂದ ಬರುವುದು ಅಲ್ಪ. ಅಲೆಯುವ ರಾಕ್ಷಸ ಅಂದರೆ ಬರೀ ನಷ್ಟ, ಅದಕ್ಕೇ ಆಟಗಾರರು ಅವಸರದಲ್ಲಿ ಮುಂದೆ ಹೋಗುತ್ತಾರೆ. ನಮ್ಮ ಮೇಜಿನಲ್ಲಿ ಕೊಂದರೆ ಎಕ್ಸ್‌ಪಿ. ಇವರು ಬಾಗಿಲಲ್ಲಿ ಕೂತು ಇನ್ನೊಂದು ಬರಲಿ ಅಂತ ಕಾದರು! ಒಂದೊಂದು ಕಾಳಗಕ್ಕೂ ಮುಕ್ಕಾಲು ಗಂಟೆ ಹೋಯಿತು. ನಿಯಮವನ್ನು ಅದರ ಮನೆಯಿಂದ ಕಿತ್ತು ತಂದರೆ ಹೀಗೇ ಆಗುತ್ತದೆ, ಅಲ್ವಾ?

ಮೂರನೇ ತಂಡಕ್ಕೆ ಕೋಣೆಗಳಲ್ಲಿ ರಾಕ್ಷಸರನ್ನು ಬರೆಯುವುದನ್ನೇ ಬಿಟ್ಟೆ. ಬೇರೆ ಹಾಳೆಯಲ್ಲಿ ಪಟ್ಟಿ ಮಾಡಿದೆ. ಕಾವಲಿಗೆ ಎರಡು ಗಾಬ್ಲಿನ್, ಬಾಗಿಲಲ್ಲಿ. ಗಸ್ತಿಗೆ ಮೂರು, ಸುತ್ತುತ್ತಿವೆ. ಉಳಿದ ಆರು ಜೂಜಾಡುತ್ತಿವೆ, ಗದ್ದಲ ಕೇಳಿದರೆ ಬರುತ್ತವೆ. ಓಗರ್ ಮಲಗಿದೆ, ಏಳೋಕೆ ಮೂರು ರೌಂಡ್. ಯಾರು ಯಾವಾಗ ತಲುಪುತ್ತಾರೆ ಅನ್ನುವುದಕ್ಕೆ ನಿಯಮದಲ್ಲೇ ಉತ್ತರ ಇದೆ. ಗಾಬ್ಲಿನ್ ವೇಗ 30 ಅಡಿ, ಓಡಿದರೆ ಒಂದು ರೌಂಡಿಗೆ 60. ಹಾಗಾಗಿ 120 ಅಡಿಯ ಓಣಿ ಅಂದರೆ ಎರಡು ರೌಂಡ್.

ಆಟಗಾರರು ಇದನ್ನು ಬೇಗ ಗ್ರಹಿಸಿದರು. ಗಸ್ತು ತಿರುಗುವ ಹೊತ್ತನ್ನು ಎಣಿಸಿದರು. ಓಗರ್ ಬಾಗಿಲಿಗೆ ಬೆಣೆ ಬಡಿದರು. ಬಡಿದ ಸದ್ದಿಗೆ ಅದು ಎದ್ದಿತು, ಅದು ಬೇರೆ ಮಾತು. ಆದರೆ ಬೆಣೆ ನಾಲ್ಕು ರೌಂಡ್ ತಡೆಯಿತು, ಅಷ್ಟರಲ್ಲಿ ಆರೂ ಗಾಬ್ಲಿನ್ ಮುಗಿದಿದ್ದವು. ಮೊದಲನೇ ತಂಡವನ್ನು ಸಾವಿನ ಹತ್ತಿರಕ್ಕೆ ಒಯ್ದ ಕಾಳಗವೇ ಇದು. ಈ ಸಲ ಪರದೆ ಹಿಂದೆ ಏನೂ ಸುಳ್ಳು ಹೇಳಬೇಕಾಗಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಪಟ್ಟಿ ಹತ್ತು ಸಾಲು ದಾಟಿದರೆ ತಲೆ ಕೆಡುತ್ತದೆ. ಎಲ್ಲ ಒಟ್ಟಿಗೆ ಬಂದರೆ ತಂಡ ಉಳಿಯುವುದೂ ಇಲ್ಲ. ಅದಕ್ಕೆ ಡಂಜನ್ ಮಾಸ್ಟರ್‌ಗಳ (ನನ್ನ ಹಾಗೆ ಆಟ ನಡೆಸುವವರ) ನಡುವೆ ಓಡಾಡುವ ಒಂದು ಬಾಯಿಲೆಕ್ಕ ಹಿಡಿದಿದ್ದೇನೆ. ರಾಕ್ಷಸರ ಚಾಲೆಂಜ್ ರೇಟಿಂಗ್ (ಒಂದೊಂದು ರಾಕ್ಷಸ ಎಷ್ಟು ಬಲಶಾಲಿ ಅನ್ನುವ ಅಂಕಿ) ಮೊತ್ತ ತಂಡದ ಒಟ್ಟು ಲೆವೆಲ್‌ನ ಕಾಲು ಭಾಗ ದಾಟಿದರೆ ಅಪಾಯ. ಐದನೇ ಲೆವೆಲ್‌ನಿಂದ ಅರ್ಧ ಭಾಗ. ನಮ್ಮದು 12, ಕಾಲು ಅಂದರೆ 3. ಆರು ಗಾಬ್ಲಿನ್ ಒಂದೂವರೆ, ಓಗರ್ ಎರಡು, ಒಟ್ಟು ಮೂರೂವರೆ. ಎರಡು ಸೆಕೆಂಡಿನಲ್ಲಿ ಗೊತ್ತಾಯಿತು. ಮೂರು ರೌಂಡಿನೊಳಗೆ ತಲುಪಬಲ್ಲವರನ್ನೆಲ್ಲ ಸೇರಿಸಿ ಈ ಲೆಕ್ಕ ಹಾಕುತ್ತೇನೆ, ಕೋಣೆಗೆ ಹಾಕುವುದಿಲ್ಲ.

ಬಜೆಟ್ಟನ್ನು ಒಂದೇ ಕಡೆ ಉಳಿಸಿಕೊಂಡಿದ್ದೇನೆ, ಕೆಳಗಿನ ಸಮಾಧಿಗೆ. ಅಲ್ಲಿಗೆ ಯಾರೂ ಬರಲ್ಲ, ಅಲ್ಲಿಂದ ಯಾರೂ ಓಡಲ್ಲ. ಬಜೆಟ್ ನಂಬಿಕೊಂಡಿರುವ ಪ್ರಪಂಚ ಅಂದರೆ ಅದೇ. ಎಂಟು ಅಸ್ಥಿಪಂಜರ, 400 ಇಂಟು ಎರಡೂವರೆ, 1000, ಹಾರ್ಡ್. ಅಲ್ಲೂ ಒಂದು ಎಡವಟ್ಟು ಇದೆ. ಗದೆ, ಸುತ್ತಿಗೆಯ ಏಟು ಅಸ್ಥಿಪಂಜರಕ್ಕೆ ದುಪ್ಪಟ್ಟು ತಾಗುತ್ತದೆ. ಮೂರನೇ ತಂಡದಲ್ಲಿ ಗದೆ ಹಿಡಿದವರು ಇಬ್ಬರಿದ್ದರು, ಹಾರ್ಡ್ ಕಾಳಗ ಮೂರು ರೌಂಡಿಗೆ ಪುಡಿ.

ಎದುರಾದವರ ಮನಸ್ಸು ಮತ್ತು ಧೈರ್ಯದ ದಾಳಗಳು ಈಗ ನನ್ನ ಪಟ್ಟಿಯ ಜೊತೆಗೇ ಇರುತ್ತವೆ. ಗಸ್ತನ್ನು ಒಂದು ಸಲ ಪೂರ್ತಿ ಮರೆತು, ಮೂರು ಗಾಬ್ಲಿನ್ ಒಂದಿಡೀ ಸಂಜೆ ಎಲ್ಲೋ ಮಾಯವಾಗಿದ್ದವು. ಆಮೇಲಿಂದ ನಕ್ಷೆ ಮೇಲೆ ಅವುಗಳಿಗೆ ಒಂದು ಅಂಗಿ ಗುಂಡಿ ಇಟ್ಟು, ಹತ್ತು ನಿಮಿಷಕ್ಕೊಂದು ಕೋಣೆ ಸರಿಸುತ್ತೇನೆ.