ಡಿಸೈನ್ ಕೋರ್ಸಿಗೆ ಓಬಿಇ ಸಾಫ್ಟ್‌ವೇರ್: ಎರಡು ಸೆಮಿಸ್ಟರ್ ಬಳಸಿದ ಮೇಲೆ, 5ಕ್ಕೆ 3

ನಮ್ಮ ಎಂಜಿನಿಯರಿಂಗ್ ಕಾಲೇಜಲ್ಲಿ ಓಬಿಇಗೆ, ಅಂದ್ರೆ ಹುಡುಗರು ಕೊನೆಗೆ ಏನು ಕಲಿತ್ರು ಅಂತ ಅಳೆಯೋ ಪದ್ಧತಿಗೆ, ಸಿಓ (ಕೋರ್ಸಿನ ಗುರಿ) ಪಿಓ (ಇಡೀ ಡಿಗ್ರಿಯ ಗುರಿ) ಎಷ್ಟು ಮುಟ್ಟಿದ್ರು ಅನ್ನೋ ಅಟೈನ್‌ಮೆಂಟ್ ಲೆಕ್ಕಕ್ಕೆ ಅಂತ ಒಂದು ಸಾಫ್ಟ್‌ವೇರ್ ತಗೊಂಡ್ರು, ನಾನು ಅದನ್ನ ಫಸ್ಟ್ ಇಯರ್ ಡಿಸೈನ್ ಕೋರ್ಸಿಗೆ ಎರಡು ಸೆಮಿಸ್ಟರ್ ಬಳಸಿದೀನಿ. ಕಂಪನಿ ಹೆಸರು ಬರೆಯಲ್ಲ, ತಗೋಬೇಕು ಅಂತಿರೋ ಮೇಷ್ಟ್ರುಗಳಿಗೆ ಉಪಯೋಗ ಆಗ್ಲಿ ಅಂತ ಅಷ್ಟೇ.

ಲೆಕ್ಕದ ವಿಷಯದಲ್ಲಿ ಪೂರ್ತಿ ಮಾರ್ಕ್ಸ್. ಎಂಜಿನಿಯರಿಂಗ್ ಡಿಗ್ರಿಗಳನ್ನ ದೇಶಗಳು ಪರಸ್ಪರ ಒಪ್ಪಿಕೊಳ್ಳೋ ವಾಷಿಂಗ್ಟನ್ ಅಕಾರ್ಡ್‌ನ ಕಾಯಂ ಸದಸ್ಯ ಭಾರತ 2014ರಲ್ಲಿ ಆದಾಗಿಂದ, ಕೋರ್ಸುಗಳಿಗೆ ಮಾನ್ಯತೆ ಕೊಡೋ ಎನ್‌ಬಿಎಯವರು ಮುಖ್ಯವಾಗಿ ಕೇಳೋದು ಸಿಲಬಸ್ ಎಷ್ಟು ಮುಗೀತು ಅಂತಲ್ಲ, ಹುಡುಗರು ಏನು ಮಾಡೋದು ಕಲಿತ್ರು ಅಂತ. ನಾವಿಟ್ಟ ಮಾರ್ಕ್ಸ್ ಗಡಿ ಎಷ್ಟು ಜನ ದಾಟಿದ್ರು ಅಂತ ನೋಡಿ 1, 2, 3 ಲೆವೆಲ್ ಹಾಕ್ಬೇಕು, ಮೊದಲು ಎಕ್ಸೆಲ್‌ನಲ್ಲಿ ಒಂದು ಫಾರ್ಮುಲಾ ತಪ್ಪಿದ್ರೆ ರಾತ್ರಿಯೆಲ್ಲಾ ಕೂತು ಹುಡುಕ್ತಿದ್ವಿ, ಈಗ ಯುಎಸ್‌ಎನ್ (ಹುಡುಗರ ರಿಜಿಸ್ಟರ್ ನಂಬರ್) ಮುಂದೆ ಮಾರ್ಕ್ಸ್ ಹಾಕಿದ್ರೆ ರಿಪೋರ್ಟ್ ರೆಡಿ.

ಥಿಯರಿ ಪೇಪರಿಗೆ ಇಷ್ಟು ಸಾಕು. ಡಿಸೈನಿಗೆ ಸಾಲಲ್ಲ.

ಹೋದ ಸಲ ಒಂದು ಟೀಮು ನಲ್ಲಿಯಿಂದ ಮನೆಗೆ ಕೊಡ ಸಾಗಿಸೋ ಗಾಡಿ ಮಾಡ್ತು. ಮೊದಲ ಸ್ಕೆಚ್‌ನಲ್ಲಿ ನಾಲ್ಕು ಪುಟ್ಟ ಚಕ್ರ. ಬೀದಿಗೆ ಹೋಗಿ ಎಳೆದು ನೋಡಿದ್ರೆ ಜಲ್ಲೀಲಿ ಸಿಕ್ಕಿಹಾಕ್ಕೊಳ್ತು, ನೀರು ಹೊರೋ ಅಜ್ಜಿಯೊಬ್ಬರನ್ನ ಮಾತಾಡಿಸಿದ್ರೆ ನಂಗೆ ಬಗ್ಗೋಕೇ ಆಗಲ್ಲ ಕಣ್ರಪ್ಪ ಅಂದ್ರಂತೆ, ವಾಪಸ್ ಬಂದು ಎರಡು ಸೈಕಲ್ ಚಕ್ರ ಹಾಕಿ ಹಿಡಿ ಎತ್ತರಿಸಿದ್ರು. ಡೆಮೋ ದಿನ ಆಕ್ಸಲ್ ಬಾಗಿಹೋಯ್ತು. ಪಕ್ಕದ ಟೀಮು ರೆಡಿ ಕಿಟ್ ತಂದು ಜೋಡಿಸಿತ್ತು, ಸೆನ್ಸರ್ ಸರಿಯಾಗಿ ಕೆಲಸ ಮಾಡ್ತು. ಸಾಫ್ಟ್‌ವೇರ್‌ನಲ್ಲಿ ಇರೋ ರೂಬ್ರಿಕ್, ಅಂದ್ರೆ ಯಾವುದಕ್ಕೆ ಎಷ್ಟು ಮಾರ್ಕ್ಸ್ ಅನ್ನೋ ಪಟ್ಟಿ, ನಾಲ್ಕೇ ಸಾಲು, ಐದನೇದು ಸೇರಿಸೋಕೆ ಬರಲ್ಲ, ಅದರಲ್ಲಿ ಎರಡು ಸಾಲು ಪ್ರೊಟೊಟೈಪ್, ಅಂದ್ರೆ ಮಾಡಿ ತಂದ ಮಾದರಿ ಬಗ್ಗೆನೇ. ಹಂಗಾಗಿ ಪಿಓ 3, ಅಂದ್ರೆ ಡಿಸೈನ್ ಸಾಮರ್ಥ್ಯಕ್ಕೆ, ಕಿಟ್ ಟೀಮಿಗೆ ಮೇಲಿನ ಅಂಕ, ಗಾಡಿ ಟೀಮಿಗೆ ಕೆಳಗಿನದು. ಆ ಹುಡುಗರ ಡಿಸೈನ್ ಬುಕ್‌ನಲ್ಲಿ ಹೊಡೆದುಹಾಕಿದ ಮೂರು ಸ್ಕೆಚ್, ಪಕ್ಕದಲ್ಲೇ ಯಾಕೆ ಬಿಟ್ವಿ ಅಂತ ಬರೆದಿರೋದು, ಕಲಿಕೆ ಇದ್ದಿದ್ದೇ ಅಲ್ಲಿ, ಅದನ್ನ ಹಾಕೋಕೆ ಜಾಗಾನೇ ಇಲ್ಲ. ನಂಗೆ ತುಂಬಾ ಬೇಜಾರಾಯ್ತು.

ಇನ್ನೊಂದು, ಟೀಮಿಗೆ ಕೊಟ್ಟ ಮಾರ್ಕ್ಸ್ ನಾಲ್ಕೂ ಜನಕ್ಕೆ ಒಂದೇ ಬೀಳುತ್ತೆ. ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯಲ್ಲಿ ನಡೆಸೋ ಕ್ಯಾಟ್ಮಿ ಅನ್ನೋ ಆನ್‌ಲೈನ್ ಟೂಲ್‌ನಲ್ಲಿ ಟೀಮಿನವರೇ ಒಬ್ಬರಿಗೊಬ್ಬರು, ತಮಗೂ ಸೇರಿಸಿ, ಐದು ವಿಷಯದಲ್ಲಿ ರೇಟಿಂಗ್ ಕೊಡ್ತಾರೆ, ಅಂಥದ್ದೊಂದು ಇದರಲ್ಲೂ ಬೇಕಿತ್ತು. ಸದ್ಯಕ್ಕೆ ನಾನು ಒಬ್ಬೊಬ್ಬರನ್ನೇ ಐದು ನಿಮಿಷ ಕೂರಿಸ್ಕೊಂಡು ಮೊದಲ ಸ್ಕೆಚ್ ಯಾಕೆ ಬಿಟ್ರಿ ಅಂತ ಕೇಳಿ ಬೇರೆ ಶೀಟಲ್ಲಿ ಬರೆದಿಡ್ತಿದೀನಿ.

ಡೆಮೋ ಕೊಡೋಕೆ ಬಂದವರು ಥಿಯರಿ ಪೇಪರ್ ತೋರಿಸ್ತಾರೆ, ನಿಮ್ಮ ಹುಡುಗರ ಒಂದು ಡಿಸೈನ್ ಬುಕ್ ಅವರ ಕೈಗೆ ಕೊಟ್ಟು, ಇದನ್ನ ಎಂಟ್ರಿ ಮಾಡಿ ತೋರಿಸಿ ಅನ್ನಿ.